ಬಾಯ್ಗೆಳತಿ

ಮೊದಲು ಆ ಉಪ್ಪಿನ ಜಾಡಿ ಮೇಲೆ ಕೈ ಇಡು ಕಣಮ್ಮ. ಬೆರಳ ತುದಿ ಅಲ್ಲ, ಅಂಗೈ ಪೂರ್ತಿ ಊರು. ಇಲ್ಲಿ ಕೇಳಿದ್ದು ಇಲ್ಲೇ ಕರಗಲಿ ಅನ್ನು. ಅಂದ್ಯಾ? ಗಂಡನಿಗೂ ಹೇಳಬಾರದು. ನಿಮ್ಮತ್ತೆಗಂತೂ ಬೇಡವೇ ಬೇಡ, ಅವರ ಕಿವಿಗೆ ಬಿದ್ದದ್ದು ಒಲೆ ಆರೋದ್ರೊಳಗೆ ಮೂರು ಬೀದಿ ಸುತ್ತಿ ಬರುತ್ತೆ. ನಾನೂ ಹೀಗೇ ಉಪ್ಪು ಮುಟ್ಟಿ ಮಾತು ಕೊಟ್ಟೋಳೇ. ಆಮೇಲೆ ನಾಲ್ಕೇ ಜನಕ್ಕೆ ಹೇಳಿರೋದು. ನೀನು ಐದನೆಯೋಳು.

ಬಾವಿ ಪಕ್ಕದ ಕಲ್ಲುಕಟ್ಟೆ ಮೇಲೆ ಯಾಕೆ ಯಾರೂ ಕೂರಲ್ಲ ಅಂತ ಕೇಳಿದೆ ನೋಡು, ಅದಕ್ಕೆ ಹೇಳ್ತಿದ್ದೀನಿ. ಒಂದು ಕಾಲಕ್ಕೆ ಅಲ್ಲಿ ಕಾಲಿಡೋಕೆ ಜಾಗ ಇರ್ತಿರಲಿಲ್ಲ. ಅದು ಬರೆಯೋರ ಕಟ್ಟೆ. ಎಂಟು ದಿನಕ್ಕೊಂದು ಸಲ ಊರಿಗೆ ಊರೇ ಚಾಪೆ ಸುತ್ಕೊಂಡು ಬಂದು ಸುತ್ತ ಕೂರ್ತಿತ್ತು.

ನೀನು ಹೊಸಬಳು, ನಮ್ಮೂರಿನ ಮಸಿ ಗುಣ ನಿನಗೆ ಗೊತ್ತಿಲ್ಲ. ಇಲ್ಲಿ ಬರೆದೋರ ಬಾಯಲ್ಲಿ ಬರೆದದ್ದು ಹೊರಡಲ್ಲ. ತಾನು ಬರೆದದ್ದನ್ನ ತಾನೇ ಗಟ್ಟಿಯಾಗಿ ಓದೋಕೆ ಹೋದ್ರೆ ನಾಲಿಗೆ ಸೌದೆ ತುಂಡಾಗುತ್ತೆ. ಇನ್ನೊಬ್ಬರು ಓದಿಕೊಡಬೇಕು. ಓದಿಕೊಡೋರನ್ನ ಬಾಯಿ ಅಂತಾರೆ. ಹೆಂಗಸರು ಹೆಂಗಸರಾದ್ರೆ ಬಾಯ್ಗೆಳತಿ. ಬಾಯಿ ಏನು ಓದುತ್ತೋ ಅದೇ ಉಳಿಯೋದು. ಹಾಳೆ ಮೇಲೆ ಕೆಂಪು ಅಂತ ಇದ್ದು ಬಾಯಿ ಕಪ್ಪು ಅಂದ್ರೆ, ನೋಡ್ತಾ ನೋಡ್ತಾ ಅಕ್ಷರ ಹೊರಳಿ ಕಪ್ಪು ಅಂತ ಕೂತ್ಕೊಳ್ಳುತ್ತೆ. ಅಲ್ಲಿ ಬೇರೆ ಮಾತಿತ್ತು ಅನ್ನೋದು ಬರೆದೋರಿಗೂ ಮರೀತು, ಊರಿಗೂ ಮರೀತು. ಬರೆದೋರೊಬ್ಬರಿಗೇ ಇದ್ದ ಮಾತಾದ್ರಂತೂ ಭೂಮಿ ಮೇಲಿಂದಲೇ ಹೋಯ್ತು. ನುಂಗಿದ ಬಾಯಿಗೆ ಮಾತ್ರ ನೆನಪಿರುತ್ತೆ.

ಅದಕ್ಕೇ ಕಟ್ಟೆ ಮೇಲೆ ಒಂದು ಶಾಸ್ತ್ರ ಇತ್ತು. ಬರೆದೋರು ಕಂಚಿನ ಬಟ್ಟಲ ನೀರಲ್ಲಿ ಬೆರಳದ್ದಿ ಓದೋರ ತುಟಿಗೆ ಸವರಿ ಅನ್ನಬೇಕು, ನನ್ನ ಮಾತು ನಿನ್ನ ಬಾಯಲ್ಲಿ. ಓದೋರು ಅನ್ನಬೇಕು, ನನ್ನ ಬಾಯಿ ನಿನ್ನ ಮಾತಿಗೆ. ಆಮೇಲೆ ಹಾಳೆ ಬಿಚ್ಚೋದು. ಮಡಿಸಿದ ಹಾಳೆಯನ್ನ ಬಾಯಿ ಬಿಟ್ಟು ಬೇರೆ ಯಾರೂ ಇಣುಕೋ ಹಾಗಿಲ್ಲ.

ಬರೆಯೋರು ನಾಲ್ಕು ಜನ. ಹೆಸರು ಹೇಳಿದ್ರೆ ಉಪ್ಪಿನ ಮಾತು ತಪ್ಪಿದ ಹಾಗೆ, ಕಸುಬು ಹಿಡಿದೇ ಕರೀತೀನಿ. ಒಬ್ಬ ಹಿರೀಕ, ಕಟ್ಟೆಯ ಶಾಸ್ತ್ರ ಎಲ್ಲಾ ಬಲ್ಲೋನು, ಎರಡು ಮಾತಿನ ನಡುವೆ ಒಂದು ನಿದ್ದೆ ತೆಗೀತಿದ್ದ. ಒಬ್ಬ ಗಡಿಯಾರದೋನು, ಊರಿನೋರ ಗಡಿಯಾರ ಬಿಚ್ಚೋನು, ಮನಸ್ಸನ್ನೂ ಹಾಗೇ ಬಿಚ್ಚಿ ಜೋಡಿಸದೆ ಬಿಡೋನು. ಅವರಿಬ್ಬರೂ ಒಬ್ಬರಿಗೊಬ್ಬರು ಬಾಯಿ. ಇಬ್ಬರೂ ಬರೆದದ್ದರಲ್ಲಿ ಕದಿಯೋ ಅಂಥದ್ದು ಏನೂ ಇರಲಿಲ್ಲ, ಅದಕ್ಕೆ ಅವರಿಗೆ ಭಯಾನೂ ಇರಲಿಲ್ಲ.

ಇನ್ನಿಬ್ಬರು ಹೆಂಗಸರು. ಹೂ ಕಟ್ಟೋಳು, ಹೊಲಿಗೆಯೋಳು. ಇವಳ ಹಾಳೆ ಅವಳು ಓದೋದು, ಅವಳ ಹಾಳೆ ಇವಳು ಓದೋದು. ಹನ್ನೆರಡು ವರ್ಷ ಬೆರಳಿಂದ ತುಟಿಗೆ, ತುಟಿಯಿಂದ ಹಾಳೆಗೆ ನಡೀತು. ಅಕ್ಕತಂಗಿಯರಿಗೂ ಅಷ್ಟು ನಂಟಿರಲ್ಲ ಕಣಮ್ಮ. ಒಬ್ಬಳಿಗೆ ಜ್ವರ ಬಂದ್ರೆ ಇನ್ನೊಬ್ಬಳು ಗಂಜಿ ಹಿಡ್ಕೊಂಡು ಹೋಗೋಳು. ಹೊಲಿಗೆಯೋಳ ಮನೆ ಗೋಡೆಗೂ ನನ್ನ ಗೋಡೆಗೂ ನಡುವೆ ಒಂದು ಅಂಗುಲಾನೂ ಇಲ್ಲ, ಕೇಳಿಸ್ಕೊಂಡೇ ಹೇಳ್ತಿರೋದು.

ಹೊಲಿಗೆಯೋಳು ಅಚ್ಚುಕಟ್ಟು. ರವಿಕೆ ಹೊಲಿದ ಹಾಗೆ ಬರೆಯೋಳು, ಅಳತೆ ತಪ್ತಿರಲಿಲ್ಲ, ದಾರ ಕಾಣ್ತಿರಲಿಲ್ಲ. ಜನ ಕೇಳಿ ಚೆನ್ನಾಗಿದೆ ಅನ್ನೋರು, ಚಾಪೆ ಕೊಡವಿ ಮನೆಗೆ ಹೋಗೋರು. ಹೂ ಕಟ್ಟೋಳು ಮೂರೇ ಸಾಲು ಬರೆಯೋಳು, ಅದೂ ಸೊಟ್ಟ ಸೊಟ್ಟ. ಆ ಮೂರು ಸಾಲು ಮಾರನೇ ದಿನ ಬಾವಿ ಹತ್ರ ಇರ್ತಿತ್ತು, ರಂಗೋಲಿ ಹಾಕೋರ ಬಾಯಲ್ಲಿರ್ತಿತ್ತು, ಮಗು ಮಲಗಿಸೋರ ಬಾಯಲ್ಲಿರ್ತಿತ್ತು. ಹೊಲಿಗೆಯೋಳ ಗಂಟಲು ಮಾತ್ರ ಗಂಟಲು. ಅವಳು ಓದೋಕೆ ನಿಂತ್ರೆ ಬಾವಿಯ ರಾಟೆಯೂ ಸದ್ದು ಮಾಡ್ತಿರಲಿಲ್ಲ. ಜನ ಅಳೋದು ಅವಳ ಗಂಟಲಿಗೋ ಅಕ್ಷರಕ್ಕೋ ಅಂತ ಅವಳಿಗೇ ಗೊತ್ತಾಗ್ತಿರಲಿಲ್ಲ. ಒಂದಿನ ಗಡಿಯಾರದೋನು ಬಾವಿ ಹತ್ರ ಅವಳ ಪಕ್ಕಕ್ಕೆ ಬಂದು ನಿಂತ.

“ಏನಮ್ಮಾ, ಕೊರಳು ನಿನ್ದು, ಹಾರ ಅವಳಿಗೆ,” ಅಂದ.

“ನಿನಗ್ಯಾಕಪ್ಪಾ ಉರಿ?”

“ನನಗೆ ಉರೀನಾ? ನನ್ನ ಹಾಳೇನ ಹಿರೀಕ ಆಕಳಿಸ್ತಾ ಓದ್ತಾನೆ. ನಾನು ಉರಿಯೋದು ಬಿಟ್ಟು ಕಾಲವಾಯ್ತು. ನಿನ್ನ ನೋಡಿದ್ರೆ ಸಂಕಟ ಆಗುತ್ತೆ, ಅಷ್ಟೆ.”

“ಸಂಕಟ ಆದ್ರೆ ಜೀರಿಗೆ ಕಷಾಯ ಕುಡಿ,” ಅಂದು ಬಿಂದಿಗೆ ಎತ್ಕೊಂಡು ಬಂದ್ಲು.

ಬಾಯಲ್ಲಿ ಹಾಗಂದ್ಲು. ಮನೆಗೆ ಬಂದು ಮೆಷಿನ್ ಮುಂದೆ ಕೂತ್ರೆ ಚಕ್ರ ತಿರುಗಿದ ಹಾಗೆಲ್ಲ ಅದೇ ಮಾತು. ಕೊರಳು ನಿನ್ದು. ಹಾರ ಅವಳಿಗೆ. ಕೊರಳು ನಿನ್ದು. ಹಾರ ಅವಳಿಗೆ.

ಆ ವಾರ ಹೂ ಕಟ್ಟೋಳು ಬರೆದ ಹಾಳೆಯಲ್ಲಿ ಸಂಜೆ ಅಂತ ಬರೆಯೋ ಕಡೆ ಬಾಡೋ ಹೊತ್ತು ಅಂತ ಬರೆದಿದ್ಲು. ಮುಡಿದ ಮಲ್ಲಿಗೆ ತಲೆ ಬಗ್ಗಿಸೋ ಹೊತ್ತು ಅದು ತಾನೇ. ಹೊಲಿಗೆಯೋಳು ಹಾಳೆ ಹಿಡ್ಕೊಂಡು ನಿಂತ್ಲು. ತುಟಿ ಮೇಲೆ ನೀರು ಇನ್ನೂ ಒದ್ದೆಯಾಗಿತ್ತು. ಆ ಮಾತಿನ ಹತ್ರ ಬಂದ್ಲು. ಸಂಜೆ ಅಂತ ಓದಿದ್ಲು.

ಏನೂ ಆಗಲಿಲ್ಲ ಕಣಮ್ಮ. ಆಕಾಶ ಬೀಳಲಿಲ್ಲ. ಅಕ್ಷರ ಇರುವೆ ಥರ ಸ್ವಲ್ಪ ಹರಿದಾಡಿ ಸಂಜೆ ಅಂತ ಆಯ್ತು. ಹೂ ಕಟ್ಟೋಳು ಕೆಳಗೆ ಕೂತು ನಗ್ತಾ ಇದ್ಲು, ಅವಳಿಗೆ ಏನೂ ಕಾಣೆಯಾಗಿರಲಿಲ್ಲ. ಹೊಲಿಗೆಯೋಳು ಆ ಮಾತನ್ನ ನಾಲಿಗೆ ಕೆಳಗೆ ಸೂಜಿ ಇಟ್ಕೊಂಡ ಹಾಗೆ ಇಟ್ಕೊಂಡು ಮನೆಗೆ ಬಂದ್ಲು.

ಮುಂದಿನ ವಾರ ತನ್ನ ಹಾಳೆಯಲ್ಲಿ ಬರೆದ್ಲು, ಬಾಡೋ ಹೊತ್ತು. ಓದಬೇಕಾದೋಳು ಯಾರು? ಅವಳೇ. ಹೂ ಕಟ್ಟೋಳು ತನ್ನ ಮಾತನ್ನ ತಾನೇ ಕೈಯಲ್ಲಿ ಹಿಡ್ಕೊಂಡು ಗೆಳತಿ ಮಾತು ಅಂತ ಓದಿದ್ಲು.  ಊರು ತಲೆದೂಗಿತು. ನೀನೂ ಬಂದ ವಾರಕ್ಕೇ ಬಾಡೋ ಹೊತ್ತಿಗೆ ಬರ್ತೀನಿ ಅನ್ನೋಕೆ ಶುರು ಮಾಡಿದ್ದೀಯಲ್ಲ, ಆ ಮಾತು ಹುಟ್ಟಿದ್ದು ಹೀಗೆ. ಹುಟ್ಟಿದ್ದಲ್ಲ, ಮನೆ ಬದಲಾಯಿಸಿದ್ದು.

ಓದಿ ಮುಗಿಸಿ ಕೆಳಗಿಳಿದು ಹೂ ಕಟ್ಟೋಳು ಗೆಳತಿ ಕೈ ಹಿಡ್ಕೊಂಡ್ಲು. “ಎಂಥಾ ಮಾತು ಬರೆದೆ ಕಣೇ. ದಿನಾ ಹೂ ಮುಟ್ಟೋ ಕೈ ನನ್ದು, ನನಗ್ಯಾಕೆ ಹೊಳೀಲಿಲ್ಲ?”

ಹೊಲಿಗೆಯೋಳು ಏನಂದ್ಲು ಗೊತ್ತಾ? “ನಿನಗೂ ಹೊಳೀತಿತ್ತು ಬಿಡೇ,” ಅಂದ್ಲು. ಅಷ್ಟು ಹೊತ್ತಿಗೆ ಸುಳ್ಳು ಹೇಳೋದೂ ಅವಳಿಗೆ ನಿಜ ಹೇಳೋ ಹಾಗೇ ಬರ್ತಿತ್ತು.

ಅಲ್ಲಿಗೇ ನಿಂತಿದ್ರೆ ನಾನು ಈ ಕತೇನ ನಿನಗೆ ಹೇಳ್ತಿರಲಿಲ್ಲ. ನಮ್ಮೂರಲ್ಲಿ ಸಣ್ಣಪುಟ್ಟದ್ದು ಯಾರು ಕದ್ದಿಲ್ಲ.

ಹೂ ಕಟ್ಟೋಳಿಗೆ ಒಂದು ಮಗು ಇತ್ತು. ಹೆಣ್ಣುಮಗು. ಗಂಡ ಮೊದಲೇ ಹೋಗಿದ್ದ, ಅವಳಿಗೆ ಇದ್ದದ್ದು ಇದೊಂದೇ. ಅದೇ ವರ್ಷ, ನಾಲ್ಕು ತುಂಬಿ ಐದಕ್ಕೆ ಬೀಳೋ ಮುಂಚೆ ಮೂರೇ ದಿನದ ಜ್ವರದಲ್ಲಿ ಹೋಯ್ತು. ಆಮೇಲೆ ಮೂರು ವರ್ಷ ಅವಳು ಬರೀಲಿಲ್ಲ. ಕಟ್ಟೆಗೆ ಬರೋಳು, ಗೆಳತಿ ಹಾಳೆ ಓದಿಕೊಡೋಳು, ಹೋಗೋಳು. ಮಗುವಿನ ಬಟ್ಟೆ ಬರೆ ಎಲ್ಲಾ ಕೊಟ್ಟುಬಿಟ್ಲು. ಗಿಲಕಿ ಕೊಟ್ಟುಬಿಟ್ಲು. ತೊಟ್ಟಿಲು ಕೊಟ್ಟುಬಿಟ್ಲು. ಒಂದನ್ನ ಮಾತ್ರ ಇಟ್ಕೊಂಡ್ಲು. ಆ ಮಗು ಅವಳನ್ನ ಅಮ್ಮ ಅಂತ ಕರೀತಿರಲಿಲ್ಲವಂತೆ. ತೊದಲು ಬಾಯಲ್ಲಿ ತಾನೇ ಒಂದು ಪದ ಮಾಡ್ಕೊಂಡಿತ್ತಂತೆ, ಹೂವಿನ ಬುಟ್ಟಿ ಪಕ್ಕ ಕೂತು ಕೂತು. ಲೋಕದಲ್ಲಿ ಇನ್ನೊಂದು ಮಗು ಇನ್ನೊಬ್ಬ ತಾಯಿಗೆ ಆ ಪದ ಅಂದಿಲ್ಲ.

ಯಾವ ಪದ ಅಂತ ನನ್ನ ಕೇಳಬೇಡ. ಈ ಬೀದಿಯಲ್ಲಿ ಯಾರ ಮನೇಲಿ ಉಪ್ಪು ಜಾಸ್ತಿ ಆಯ್ತು ಅನ್ನೋದೂ ನನಗೆ ಗೊತ್ತು. ಆ ಮಗು ದಿನಕ್ಕೆ ನೂರು ಸಲ ಕೂಗಿರಬೇಕು, ನನ್ನ ಕಿವಿಗೂ ಬಿದ್ದಿರಲೇಬೇಕು. ಗೊತ್ತಿಲ್ಲ ಕಣಮ್ಮ. ಆ ಜಾಗದಲ್ಲಿ ಕೈ ಹಾಕಿದ್ರೆ ಏನೂ ಸಿಗಲ್ಲ.

ಅಷ್ಟರಲ್ಲಿ ಬಾಡೋ ಹೊತ್ತಿನ ಮಾತು ಊರೆಲ್ಲಾ ಹರಡಿತ್ತು, ಆ ಮೂರು ವರ್ಷ ಕಳೆದ ಮೇಲೆ ಹೂ ಕಟ್ಟೋಳಿಗೂ ಬರೆಯೋಣ ಅನ್ನಿಸಿತು. ಗೆಳತಿ ಅಷ್ಟು ಚೆನ್ನಾಗಿ ಬರೀತಾಳೆ, ನಾನೂ ಬರೀತೀನಿ ಅಂದುಕೊಂಡ್ಲು. ಬರೆದು ಮಡಿಸಿ, ಕಟ್ಟೆಗೆ ಹೋಗೋ ಮುಂಚೆ ಹೊಲಿಗೆಯೋಳ ಮನೆಗೇ ತಂದ್ಲು.

“ಕೊನೇ ಸಾಲಲ್ಲಿ ಒಂದು ಪದ ಇದೆ ಕಣೇ,” ಅಂದ್ಲು. “ನನ್ನ ಮಗು ನನ್ನ ಕರೀತಿದ್ದದ್ದು.”

“ನೀನು ಮೂರು ವರ್ಷದಿಂದ ಅದನ್ನ ಯಾರ ಹತ್ರಾನೂ ಅಂದಿಲ್ಲ.”

“ಅಂದ್ರೆ ಸವೆದುಹೋಗುತ್ತೆ ಅಂತ ಭಯ ಇತ್ತು. ಒಬ್ಬಳೇ ಇದ್ದಾಗ ಅಂದುಕೊಳ್ತೀನಿ. ಆದ್ರೆ ಅದು ನನ್ನ ಧ್ವನಿ. ನನ್ನನ್ನ ನಾನೇ ಕರ್ಕೊಂಡ ಹಾಗಿರುತ್ತೆ. ಒಂದು ಸಲ ಇನ್ನೊಬ್ಬರು ನನ್ನ ಹಾಗೆ ಕರೀಬೇಕು. ನೀನು ಕರಿ. ಅಷ್ಟಾದ್ರೆ ಸಾಕು.”

“ಜನರ ಮುಂದೆ ಯಾಕೆ? ಇಲ್ಲೇ ಕರೀತೀನಿ.”

“ಇಲ್ಲಿ ಕರೆದ್ರೆ ನಮ್ಮಿಬ್ಬರಿಗೇ ಮುಗೀತು. ನಾಳೆ ನಾವಿಬ್ಬರೂ ಹೋಗ್ತೀವಿ. ಊರಿನ ಬಾಯಲ್ಲಿ ಇದ್ರೆ ನನ್ನ ಮಗು ಇರುತ್ತೆ.”

ಹೊಲಿಗೆಯೋಳು ತಲೆ ಆಡಿಸಿದ್ಲು. ಅವಳ ಕಣ್ಣಲ್ಲೂ ನೀರಿತ್ತಂತೆ, ನಿಜವಾದ ನೀರೇ. ಅದೇ ಕಣ್ಣು ಹಾಳೆ ಬಿಚ್ಚಿ ಆ ಪದ ನೋಡಿತು. ಸಣ್ಣ ಪದ. ನೋಡಿದ ಗಳಿಗೆಯಲ್ಲೇ ಅವಳಿಗೆ ಗೊತ್ತಾಗಿ ಹೋಯ್ತು. ಇದನ್ನ ಊರು ನೂರು ವರ್ಷ ಹೊತ್ಕೊಂಡು ತಿರುಗುತ್ತೆ. ತಾಯಂದಿರೆಲ್ಲಾ ಮಕ್ಕಳ ಬಾಯಲ್ಲಿ ಇದನ್ನೇ ಕೇಳೋಕೆ ಆಸೆಪಡ್ತಾರೆ. ಬಾಡೋ ಹೊತ್ತು ಎಲ್ಲಿ, ಇದೆಲ್ಲಿ. ತಾನು ಹೊಲಿದದ್ದೆಲ್ಲಾ ಇದರ ಮುಂದೆ ಬರೀ ಚಿಂದಿ.

ಕಟ್ಟೆ ಮೇಲೆ ಹೂ ಕಟ್ಟೋಳು ಬೆರಳದ್ದಿ ಗೆಳತಿ ತುಟಿಗೆ ಸವರಿದ್ಲು. 

“ನನ್ನ ಮಾತು ನಿನ್ನ ಬಾಯಲ್ಲಿ.”

“ನನ್ನ ಬಾಯಿ ನಿನ್ನ ಮಾತಿಗೆ.”

ಹೊಲಿಗೆಯೋಳು ಓದಿದ್ಲು. ಮೊದಲನೇ ಸಾಲಿಗೆ ಊರು ಉಸಿರು ಹಿಡೀತು. ಎರಡನೇ ಸಾಲಿಗೆ ಹಿರೀಕನೂ ಎಚ್ಚರಾದ. ಕೊನೇ ಸಾಲಿಗೆ ಬಂದ್ಲು. ಹೂ ಕಟ್ಟೋಳು ಮುಖ ಮೇಲೆತ್ತಿ ಕೂತಿದ್ಲು, ಕರೆಸ್ಕೊಳ್ಳೋಕೆ. ಆ ಮುಖ ನೋಡ್ತಾನೇ ಹೊಲಿಗೆಯೋಳು ಓದಿದ್ಲು, ಅಮ್ಮ.

ಹಾಳೆ ಮೇಲೆ ಅಕ್ಷರ ಹರಿದಾಡ್ತು. ನಿಂತಿತು.

ಜನ ಅತ್ತರು. ಅಮ್ಮ ಅನ್ನೋ ಮಾತಿಗೆ ಯಾರು ಅಳಲ್ಲ. ಹೂ ಕಟ್ಟೋಳು ಅಳಲಿಲ್ಲ. ಎತ್ತಿದ ಮುಖ ಹಾಗೇ ಎತ್ತಿ ಕೂತಿದ್ಲು, ಇನ್ನೂ ಏನೋ ಬರೋದಿದೆ ಅನ್ನೋ ಹಾಗೆ. ಚಾಪೆಗಳೆಲ್ಲಾ ಎದ್ದವು. ಅವಳು ಏಳಲಿಲ್ಲ.

“ಮುಗೀತೇನೇ?” ಅಂದ್ಲು.

“ಮುಗೀತು.”

“ಅಮ್ಮ ಅಂತಾನೇ ಇತ್ತಾ?”

“ಅಮ್ಮ ಅಂತಾನೇ ಇದೆ. ನೋಡು.”

ಅವಳು ನೋಡಿದ್ಲು. ತನ್ನ ಕೈಬರಹದಲ್ಲೇ ಇತ್ತು. “ಹೌದು ಬಿಡು,” ಅಂದ್ಲು. “ಮಕ್ಕಳು ಅಮ್ಮ ಅಂತಾನೇ ತಾನೇ ಕರೆಯೋದು. ನಾನು ಯಾಕೆ ಇದಕ್ಕೆ ಇಷ್ಟೊಂದು ಕಾಯ್ತಿದ್ದೆ?”

ಅವತ್ತಿಂದ ಹೂ ಕಟ್ಟೋಳು ಹುಡುಕೋಕೆ ಶುರು ಮಾಡಿದ್ಲು. ಏನು ಅಂತ ಗೊತ್ತಿಲ್ಲದೆ ಹುಡುಕೋದು ನೋಡಿದ್ದೀಯಾ? ಡಬ್ಬ ತೆಗೆದು ನೋಡೋಳು, ಹಾಸಿಗೆ ಕೊಡವಿ ನೋಡೋಳು. ಕಟ್ಟಿದ ಮಾಲೆ ಬಿಚ್ಚಿ ಒಂದೊಂದೇ ಹೂವಿನ ಒಳಗೆ ನೋಡಿ ಮತ್ತೆ ಕಟ್ಟೋಳು. ಬೀದಿ ಮಕ್ಕಳನ್ನ ನಿಲ್ಲಿಸಿ ಕೇಳೋಳು, ನಿಮ್ಮಮ್ಮನ್ನ ಏನಂತ ಕರೀತೀಯ? ಅಮ್ಮ, ಅನ್ನೋವು. ಇನ್ನೂ ಏನಾದ್ರೂ? ಅವ್ವ, ಅನ್ನೋದು ಇನ್ನೊಂದು. ಇನ್ನೂ ಏನಾದ್ರೂ? ಮಕ್ಕಳು ಓಡಿಹೋಗೋವು. ನಾವು ಹೆಂಗಸರು, ಪಾಪ ತಲೆ ಕೆಟ್ಟಿದೆ ಅಂತ ಬಾಗಿಲು ಹಾಕ್ಕೊಂಡ್ವಿ. ನಾನೂ ಹಾಕ್ಕೊಂಡೆ, ಸುಳ್ಳು ಯಾಕೆ ಹೇಳಲಿ.

ಹೊಲಿಗೆಯೋಳು ಮನೇಲಿ ಆ ಪದ ಇಟ್ಕೊಂಡು ಕೂತಿದ್ಲು. ಬಾಡೋ ಹೊತ್ತಿನ ಹಾಗೇ ಇದನ್ನೂ ತನ್ನ ಹಾಳೆಗೆ ಇಳಿಸಿಬಿಡೋಣ ಅಂತಾನೇ ಲೆಕ್ಕ ಹಾಕಿದ್ದು. ಕೂತು ಬರೆದ್ಲು. ಹಿಂದೆ ಒಂದು ಸಾಲು ಸೇರಿಸಿದ್ಲು, ಮುಂದೆ ಒಂದು ಸಾಲು ಸೇರಿಸಿದ್ಲು. ಬೇರೆಯೋರ ಅಳತೆಯ ರವಿಕೆ ಹಾಕ್ಕೊಂಡ ಹಾಗೆ, ಎಲ್ಲೂ ಕೂರಲಿಲ್ಲ. ಆ ಪದ ಕರೀತಿದ್ದದ್ದು ಒಬ್ಬಳನ್ನೇ. ಹಾಳೆಯೊಳಗಿಂದ ಅದು ಬೀದಿಯಾಚೆ ನೋಡ್ತಾ ಕೂತಿತ್ತು. ಹೊಲಿಗೆಯೋಳು ಹಾಳೆ ಹರಿದ್ಲು, ಮತ್ತೆ ಬರೆದ್ಲು, ಮತ್ತೆ ಹರಿದ್ಲು.

ಮೂರನೇ ವಾರ ಅವಳ ಮನೆ ಬಾಗಿಲಿಗೇ ಬಂದ್ಲು ಹೂ ಕಟ್ಟೋಳು. ಕೈಯಲ್ಲಿ ಗಂಜಿ ಪಾತ್ರೆ.

“ನೀನು ಮಂಕಾಗಿದ್ದೀಯಂತೆ, ಊಟಾನೂ ಮಾಡ್ತಿಲ್ಲವಂತೆ,” ಅಂದ್ಲು. “ನನ್ನ ಚಿಂತೆ ಹಚ್ಕೋಬೇಡ ಕಣೇ. ಏನೋ ಕಳ್ಕೊಂಡ ಹಾಗಿದೆ, ಅಷ್ಟೆ. ಸಿಗುತ್ತೆ.”

ಹೊಲಿಗೆಯೋಳು ಗಂಜಿ ಪಾತ್ರೆ ಪಕ್ಕಕ್ಕಿಟ್ಲು. ಅವತ್ತು ಅವಳನ್ನ ಕೂರಿಸ್ಕೊಂಡು ಆ ಪದಾನ ಹೇಳಿಬಿಡೋಣ ಅಂತ ಬಾಯಿ ತೆಗೆದ್ಲು. ಬಾಯಿಂದ ಬಂದದ್ದು ಅಮ್ಮ. ಮತ್ತೆ ತೆಗೆದ್ಲು. ಅಮ್ಮ. ಏನು ಬದಲಾಯಿಸಿದ್ಲೋ ಅದೇ ಬರ್ತಿತ್ತು.

“ಯಾಕೇ, ನಿಮ್ಮಮ್ಮ ನೆನಪಾದ್ರಾ?” ಅಂತ ಹೂ ಕಟ್ಟೋಳು ಅವಳ ಬೆನ್ನು ಸವರಿದ್ಲು.

ಹೊಲಿಗೆಯೋಳು ಮಾರನೇ ಬೆಳಿಗ್ಗೆ ಹಿರೀಕನ ಹತ್ರ ಓಡಿದ್ಲು. ಅವನು ಎಲೆಗೆ ಸುಣ್ಣ ಹಚ್ತಾ ಕೂತಿದ್ದ. ಎಲ್ಲಾ ಹೇಳಿದ್ಲು. ಅವನು ಎಲೆ ಕೆಳಗಿಟ್ಟ.

“ಬಾಯಿಂದ ಹೋದದ್ದು ಬಾಯಿಂದಲೇ ಬರಬೇಕು,” ಅಂದ. “ನಿನ್ನ ಕೈಲಿ ಬರಿ. ಕಟ್ಟೆ ಮೇಲೆ ಎಲ್ಲರ ಎದುರಿಗೆ, ಕದ್ದದ್ದು ಅಂತ ಹೇಳು. ಅವಳ ತುಟಿಗೆ ನೀರು ಸವರಿ, ನಿನ್ನ ಮಾತು ನಿನ್ನ ಬಾಯಲ್ಲಿ ಅನ್ನು. ಅವಳು ಗಟ್ಟಿಯಾಗಿ ಓದಬೇಕು. ಓದಿದ ಮೇಲೆ ಎಲ್ಲಾ ನೆನಪಾಗುತ್ತೆ, ಅವಳಿಗೂ ಊರಿಗೂ.”

“ಅವಳಿಗೆ ಹಾಳೆ ನೋಡಿದ ತಕ್ಷಣ ಗುರುತು ಸಿಗಲ್ವಾ?”

“ಸಿಗಲ್ಲ. ಮೊದಲು ನಂಬಬೇಕು, ಆಮೇಲೆ ನೆನಪು.”

“ನಂಬದೇ ಇದ್ರೆ?”

“ಹಾಳೆ ಕಾಯುತ್ತೆ. ಓದದೇ ಇರೋ ಹಾಳೆಯ ಮಸಿ ಬರೆದೋಳ ನೆನಪಲ್ಲಿ ಇರೋ ತನಕ ಇರುತ್ತೆ. ನೀನು ಮರೆತ ದಿನ ಅದೂ ಅಳಿಸಿಹೋಗುತ್ತೆ.” ಅಷ್ಟಂದು ಅವನು ಎಲೆ ಬಾಯಿಗಿಟ್ಕೊಂಡ. “ಇನ್ನೊಂದು ಇದೆ. ನೀನು ಬೇರೆ ಯಾವುದೋ ಪದ ಬರೆದುಕೊಟ್ರೂ, ಅವಳು ಓದಿದ ಮೇಲೆ ಅದೇ ಅವಳ ಮಗುವಿನ ಮಾತಾಗಿ ಕೂತುಬಿಡುತ್ತೆ. ಮಸಿಗೆ ನಿಜ ಸುಳ್ಳು ಗೊತ್ತಿಲ್ಲ. ಅದು ಅವಳಿಗೂ ಗೊತ್ತಿದೆ, ಕಟ್ಟೆಯ ಶಾಸ್ತ್ರ ಅವಳು ನಿನಗಿಂತ ಚೆನ್ನಾಗಿ ಬಲ್ಲಳು.”

ಎಂಟನೇ ದಿನ ಊರು ಕೂತಿತ್ತು. ನಾನೂ ಮುಂದಿನ ಸಾಲಲ್ಲೇ ಇದ್ದೆ. ಹೊಲಿಗೆಯೋಳು ಕಟ್ಟೆ ಮೇಲೆ ನಿಂತು ಹೇಳಿದ್ಲು. ಬಾಡೋ ಹೊತ್ತು ನನ್ದಲ್ಲ, ಅವಳ್ದು. ಅದಕ್ಕೆ ಜನ ಗುಜುಗುಜು ಅಂದ್ರು. ಅಮ್ಮ ಅಂತ ಓದಿದೆನಲ್ಲ, ಅಲ್ಲಿ ಅಮ್ಮ ಅಂತ ಇರಲಿಲ್ಲ. ಅದಕ್ಕೆ ಜನ ಹೂ ಕಟ್ಟೋಳ ಕಡೆ ತಿರುಗಿದ್ರು. ಗಡಿಯಾರದೋನು ಮಾತ್ರ ನೆಲ ನೋಡ್ತಿದ್ದ.

ಬೆರಳದ್ದಿ ಗೆಳತಿ ತುಟಿಗೆ ಸವರಿದ್ಲು. “ನಿನ್ನ ಮಾತು ನಿನ್ನ ಬಾಯಲ್ಲಿ.”

ಹೂ ಕಟ್ಟೋಳು ಹಾಳೆ ಬಿಚ್ಚಿದ್ಲು. ಒಂದೇ ಪದ ಇತ್ತು ಅದರಲ್ಲಿ. ನೋಡಿದ್ಲು. ಕಣ್ಣ ಹತ್ರ ಹಿಡಿದು ನೋಡಿದ್ಲು, ದೂರ ಹಿಡಿದು ನೋಡಿದ್ಲು. ಪರವೂರಿನೋರು ದಾರಿ ಕೇಳಿದಾಗ ನೋಡ್ತೀವಲ್ಲ, ಹಾಗೆ ನೋಡಿದ್ಲು.

“ಇದೇನಾ?” ಅಂದ್ಲು.

“ಇದೇ ಕಣೇ. ನಿನ್ನಾಣೆ ಇದೇ.”

“ನನ್ನ ಮಗು ಹೀಗೆ ಕರೀತಿತ್ತಾ?”

“ಹೀಗೇ ಕರೀತಿತ್ತು. ಓದು. ಓದಿದ್ರೆ ನಿನಗೇ ಗೊತ್ತಾಗುತ್ತೆ.”

“ಅವತ್ತು ಅಮ್ಮ ಅಂತಾನೇ ಇದೆ, ನೋಡು ಅಂದೆ. ನೋಡಿದೆ. ನನ್ನ ಕೈಬರಹದಲ್ಲೇ ಇತ್ತು. ನಂಬಿದೆ.” ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ ಕಣಮ್ಮ, ಇದ್ದಿದ್ರೆ ಚೆನ್ನಾಗಿತ್ತು. “ಇವತ್ತು ಇದು ನಿನ್ನ ಕೈಬರಹದಲ್ಲಿದೆ. ಇದನ್ನ ಹೇಗೆ ನಂಬಲಿ?”

“ನನ್ನ ನಂಬಬೇಡ. ಪದಾನ ನಂಬು.”

“ಪದ ಬಂದದ್ದು ನಿನ್ನಿಂದ ತಾನೇ.” ಹಾಳೆ ಮಡಿಸಿದ್ಲು. ಎದೆ ಮೇಲೆ ಕೈ ಇಟ್ಕೊಂಡ್ಲು. “ಇಲ್ಲೊಂದು ತೂತಿದೆ. ಏನಿತ್ತು ಅಂತ ಗೊತ್ತಿಲ್ಲ, ಆದ್ರೆ ತೂತಿನ ಅಂಚು ಗೊತ್ತು. ಈ ತೂತಾದ್ರೂ ನನ್ನ ಮಗೂದು ಕಣೇ. ನೀನು ಬೇರೆ ಬಟ್ಟೆ ಇಟ್ಟು ಇದನ್ನೂ ಹೊಲಿದುಬಿಟ್ರೆ ನನಗೆ ಏನೂ ಉಳಿಯಲ್ಲ.”

ಹಾಳೇನ ಹರೀಲಿಲ್ಲ. ವಾಪಸ್ಸೂ ಕೊಡಲಿಲ್ಲ. ಸೊಂಟಕ್ಕೆ ಸಿಕ್ಕಿಸ್ಕೊಂಡು ಕೆಳಗಿಳಿದ್ಲು.

ಅವತ್ತೇ ಕೊನೆ. ಮುಂದಿನ ವಾರ ಹಿರೀಕ ತನ್ನ ಹಾಳೆ ತಂದ, ಗಡಿಯಾರದೋನ ಕೈಗೆ ಕೊಡೋಕೆ ಕೈ ಮುಂದೆ ಮಾಡಿದ, ಹಿಂದಕ್ಕೆ ತಗೊಂಡ. ಗಡಿಯಾರದೋನು ನಕ್ಕ. “ನಾನೇನು ಕದೀತೀನಿ ನಿಮ್ದು?” ಅಂದ. ಆದ್ರೆ ಅವನೂ ತನ್ನ ಹಾಳೆ ಜೇಬಿಂದ ತೆಗೀಲಿಲ್ಲ. ಬಟ್ಟಲ ನೀರು ಹಾಗೇ ಆರಿತು. ಅದಾದಮೇಲೆ ಬರೆಯೋರು ಮನೇಲಿ ಬರೆದು ಮನೇಲೇ ಇಟ್ಕೊಂಡ್ರು, ತಮ್ಮ ಬಾಯಲ್ಲಿ ಬರಲ್ಲ, ಇನ್ನೊಬ್ಬರ ಬಾಯಿಗೆ ಕೊಡಲ್ಲ. ಈಗ ಕಟ್ಟೆ ಮೇಲೆ ಕಾಗೆ ಕೂರುತ್ತೆ.

ಹೊಲಿಗೆಯೋಳು ಬರೆಯೋದು ಬಿಟ್ಲು. ಒಂದು ಕೆಲಸ ಮಾತ್ರ ಹಿಡಿದ್ಲು. ದಿನಾ ಬಾಡೋ ಹೊತ್ತಿಗೆ ಹೂ ಕಟ್ಟೋಳ ಬಾಗಿಲಿಗೆ ಹೋಗಿ ನಿಲ್ಲೋದು. ಒಳಗಿಂದ ಅವಳು ಬಂದು ಹೊಸಲಾಚೆ ನಿಲ್ತಾಳೆ. ಅವಳು ಒಂದೇ ಮಾತು ಕೇಳ್ತಾಳೆ.

“ನಿಜಾನಾ?”

“ನಿಜ.”

“ನಾಳೆ ನೋಡೋಣ.”

ಅಷ್ಟೇ. ಮಳೆಗೂ ಅಷ್ಟೇ, ಬಿಸಿಲಿಗೂ ಅಷ್ಟೇ. ಒಂದಿನ ಹೂ ಕಟ್ಟೋಳು ಹಾಳೆ ತೆಗೆದು ತುಟಿ ಹತ್ರಕ್ಕೆ ತಂದ್ಲಂತೆ. ಒಂದು ವರ್ಷ ಬಟ್ಟಲಲ್ಲಿ ನೀರೂ ತಂದಿಟ್ಟಿದ್ಲಂತೆ.  “ನಾಳೆ ನೋಡೋಣ,” ಅಂತಾನೇ ಅಂದ್ಲಂತೆ. ನಿಜಾನಾ. ನಿಜ. ನಾಳೆ ನೋಡೋಣ. ಇಪ್ಪತ್ತೆರಡು ವರ್ಷ ಆಯ್ತು. ಇಬ್ಬರ ತಲೆಯೂ ಬೆಳ್ಳಗಾಯ್ತು. ಹೊಲಿಗೆಯೋಳು ಆ ಪದ ಮರೀಬಾರದು ಅಂತ ಬೇರೆ ಮಾತಾಡೋದನ್ನೇ ಕಮ್ಮಿ ಮಾಡಿದ್ಲು. ಮೆಷಿನ್ ತುಳೀತಾ ಅದೊಂದನ್ನೇ ಒಳಗೊಳಗೆ ಅಂದುಕೊಳ್ತಾಳೆ, ಗೋಡೆಯಾಚೆ ನನಗೆ ಅಮ್ಮ ಅಮ್ಮ ಅಂತ ಕೇಳಿಸುತ್ತೆ.

ಈಚೆಗೆ ಅವಳಿಗೆ ಮಾತು ಜಾರ್ತಿದೆ ಕಣಮ್ಮ. ಕತ್ತರಿಗೆ ಅದು ಅಂತಾಳೆ. ದಾರಕ್ಕೂ ಅದು ಅಂತಾಳೆ. ಮೊನ್ನೆ ನನ್ನ ನೋಡಿ, ಯಾರ ಮನೆಯೋರು ನೀವು ಅಂದ್ಲು, ಗೋಡೆ ಹಂಚ್ಕೊಂಡು ಮೂವತ್ತು ವರ್ಷ ಆಗಿದೆ. ಇದನ್ನ ಹೂ ಕಟ್ಟೋಳ ಕಿವಿಗೆ ಹಾಕಿದೆ. ಬೇಗ ಓದಮ್ಮ ತಾಯಿ, ಅವಳು ಮರೆತ್ರೆ ನಿನ್ನ ಹಾಳೆ ಬರಿದಾಗುತ್ತೆ ಅಂದೆ. ಅವಳು ಹೂ ಕಟ್ತಾನೇ ಇದ್ಲು. ಮಾಲೆಗೆ ಗಂಟು ಹಾಕಿ ಹೇಳಿದ್ಲು.

“ಇಷ್ಟು ವರ್ಷ ಒಂದು ಸುಳ್ಳಿಗೋಸ್ಕರ ಯಾರೂ ಬಾಗಿಲಿಗೆ ಬಂದು ನಿಲ್ಲಲ್ಲ ಅಲ್ವೇನ್ರೀ?”

“ನಿಲ್ಲಲ್ಲ,” ಅಂದೆ.

“ಇವತ್ತು ಬರಲಿ. ಇವತ್ತು ಓದ್ತೀನಿ.”

ಇವತ್ತು ಬೆಳಿಗ್ಗೆ ಹೇಳಿದ ಮಾತಿದು. ಬಟ್ಟಲು ಬೆಳಗಿ ನೀರು ತುಂಬಿ ಹೊಸಲ ಮೇಲೆ ಇಟ್ಟಿದ್ದಾಳೆ, ನಾನೇ ಕಣ್ಣಾರೆ ನೋಡಿ ಬಂದೆ. ಇಪ್ಪತ್ತೆರಡು ವರ್ಷದಲ್ಲಿ ಮೊದಲನೇ ಸಲ ತಲೆಗೆ ಹೂ ಮುಡಿದಿದ್ಲು. ಹೊತ್ತು ಎಷ್ಟಾಯ್ತು ನೋಡು. ಬಿಸಿಲು ಗೋಡೆ ಬಿಡ್ತಿದೆ, ಇನ್ನೇನು ಹೊಲಿಗೆಯೋಳು ಹೊರಡೋ ಹೊತ್ತು. ಎದುರು ಬೀದಿ, ಎಡಕ್ಕೆ ಮೂರನೇ ಬಾಗಿಲು, ಕಣ್ಣು ಮುಚ್ಕೊಂಡು ಹೋಗ್ತಾಳೆ. ನಾವೂ ಹೋಗಿ ನೋಡೋಣ ಅಂತಾನೇ ನಿನ್ನ ಕೂರಿಸ್ಕೊಂಡದ್ದು, ಇಷ್ಟು ಹೊತ್ತು...

ತಡಿ. ಯಾರೋ ಬಂದ್ರು.

ಸದ್ದು ಮಾಡಬೇಡ. ಜಾಡಿ ಒಳಗಿಡು. ಕಿಟಕಿಯಿಂದ ನೋಡಿ ಹೇಳ್ತೀನಿ ಇರು.

ಅವಳೇ. ಹೊಲಿಗೆಯೋಳು ನನ್ನ ಬಾಗಿಲ ಮುಂದೆ ನಿಂತಿದ್ದಾಳೆ. ಇಲ್ಲಿಗೆ ಯಾಕೆ... 

ನೀನು ಹಿತ್ತಲ ಕಡೆಯಿಂದ ಹೋಗಮ್ಮ. ಬೇಗ. ಹೂ ಕಟ್ಟೋಳಿಗೆ ಈಗಲೇ ಹೇಳು, ನಿಜಾನಾ ಅಂತ ಕೇಳೋಕೆ ಕಾಯೋದು ಬೇಡ, ನೀರೂ ಬೇಡ, ಹಾಳೆ ಬಿಚ್ಚಿ ಓದಲಿ, ಓದೋಕೆ ಅದರಲ್ಲಿ ಏನಾದ್ರೂ ಉಳಿದಿದ್ರೆ. ನಾನು ಬಾಗಿಲು ತೆಗೀತೀನಿ. ನಾನು ಏನೂ ಕೇಳಿಲ್ಲ ಕಣಮ್ಮ, ಚಿಲಕಾನೂ ತೆಗೆದಿಲ್ಲ ಇನ್ನೂ. ಹೊರಗೆ ನಿಂತು ಒಂದೇ ಸಮನೆ ನಿಜ, ನಿಜ ಅಂತಿದ್ದಾಳೆ.